ಮನೆಯ ಕರೆಂಟ್ ಬಿಲ್ ಮತ್ತು ಎಸ್ಕಾಂ ದರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಕರ್ನಾಟಕದಲ್ಲಿ ಎಸ್ಕಾಂಗಳಿಂದ, ಅಂದರೆ ಬೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿಗಳಿಂದ, ಪಡೆದ ಗೃಹಬಳಕೆ ಸಂಪರ್ಕಗಳಿಗೆ ಸಂಬಂಧಿಸಿದವು. ಲೆಕ್ಕಗಳಿಗೆಲ್ಲ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು (ಕೆಇಆರ್‌ಸಿ) 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ 2025-26ನೇ ಸಾಲಿನ ದರಗಳನ್ನು ಬಳಸಲಾಗಿದೆ. ಮುಂದಿನ ವರ್ಷಗಳಲ್ಲಿ ಅಂಕಿಗಳು ಬದಲಾದರೂ ಲೆಕ್ಕ ಹಾಕುವ ಕ್ರಮ ಇದೇ.

ಯೂನಿಟ್‌ಗೆ 5.80 ರೂಪಾಯಿ ಎನ್ನುತ್ತಾರೆ. ನನ್ನ ಬಿಲ್ಲನ್ನು ಯೂನಿಟ್‌ಗಳಿಂದ ಭಾಗಿಸಿದರೆ ಒಂಬತ್ತು ರೂಪಾಯಿ ದಾಟುತ್ತದೆ. ಲೆಕ್ಕ ತಪ್ಪಿದೆಯೇ?

ತಪ್ಪಿಲ್ಲ. 5.80 ರೂಪಾಯಿ ಎನ್ನುವುದು ವಿದ್ಯುತ್ ಶುಲ್ಕ ಮಾತ್ರ. ಬಿಲ್ಲಿನಲ್ಲಿ ಅದರ ಜೊತೆಗೆ ಇನ್ನೂ ನಾಲ್ಕು ಬಾಬ್ತುಗಳು ಸೇರಿಕೊಂಡಿರುತ್ತವೆ. ಮೂರು ಕಿಲೋವ್ಯಾಟ್ ಮಂಜೂರಾತಿ ಇರುವ, ತಿಂಗಳಿಗೆ 180 ಯೂನಿಟ್ ಖರ್ಚಾಗುವ ಒಂದು ಮನೆಯನ್ನು ತೆಗೆದುಕೊಳ್ಳೋಣ. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ 435 ರೂಪಾಯಿ. ವಿದ್ಯುತ್ ಶುಲ್ಕ 1,044 ರೂಪಾಯಿ. ಪಿಂಚಣಿ ಮತ್ತು ಉಪದಾನದ (ಗ್ರಾಚ್ಯುಟಿ) ಸರ್‌ಚಾರ್ಜ್ ಯೂನಿಟ್‌ಗೆ 36 ಪೈಸೆಯಂತೆ 64 ರೂಪಾಯಿ 80 ಪೈಸೆ. ವಿದ್ಯುತ್ ಶುಲ್ಕದ ಮೇಲೆ ಶೇ. 9ರ ತೆರಿಗೆ 93 ರೂಪಾಯಿ 96 ಪೈಸೆ. ವಿದ್ಯುತ್ ಖರೀದಿ ವೆಚ್ಚಕ್ಕೆ ತಕ್ಕಂತೆ ಏರಿಳಿಯುವ ಇಂಧನ ಹೊಂದಾಣಿಕೆ ಶುಲ್ಕ ಆ ತಿಂಗಳು ಸೊನ್ನೆ ಎಂದೇ ಇಟ್ಟುಕೊಂಡರೂ ಒಟ್ಟು 1,637 ರೂಪಾಯಿ 76 ಪೈಸೆ ಆಗುತ್ತದೆ. ಯೂನಿಟ್‌ಗೆ ಸರಾಸರಿ 9 ರೂಪಾಯಿ 10 ಪೈಸೆ.

ಇದೇ ಮನೆಯವರು ಊರಿಗೆ ಹೋಗಿ ತಿಂಗಳಿಗೆ 60 ಯೂನಿಟ್ ಮಾತ್ರ ಬಳಸಿದರೆ ಬಿಲ್ 836 ರೂಪಾಯಿಯ ಹತ್ತಿರ ಬರುತ್ತದೆ. ಸರಾಸರಿ ಯೂನಿಟ್‌ಗೆ ಹೆಚ್ಚುಕಡಿಮೆ 14 ರೂಪಾಯಿ! 300 ಯೂನಿಟ್ ಬಳಸಿದರೆ ಅದೇ ಸರಾಸರಿ ಸುಮಾರು 8 ರೂಪಾಯಿ 13 ಪೈಸೆಗೆ ಇಳಿಯುತ್ತದೆ. ಬಳಕೆ ಮೂರನೇ ಒಂದು ಭಾಗಕ್ಕೆ ಇಳಿದರೂ ಬಿಲ್ ಅರ್ಧದಷ್ಟಕ್ಕೂ ಇಳಿಯಲಿಲ್ಲವಲ್ಲ ಎಂದು ಮೀಟರ್ ಓದುವವರ ಜೊತೆ ವಾದಕ್ಕೆ ಇಳಿಯುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಕೈಯಲ್ಲಿ ಯಂತ್ರ ಹಿಡಿದು ಬರುವ ಆ ನೌಕರನಿಗೂ ದರಕ್ಕೂ ಯಾವ ಸಂಬಂಧವೂ ಇಲ್ಲ.

ಬಳಸದೇ ಇದ್ದರೂ ನಿಗದಿತ ಶುಲ್ಕವನ್ನು ಏಕೆ ಕಟ್ಟಬೇಕು?

ನಿಮ್ಮ ಮನೆಗೆ ಮೂರು ಕಿಲೋವ್ಯಾಟ್ ಮಂಜೂರಾಗಿದೆ ಎಂದರೆ, ನೀವು ಯಾವ ಕ್ಷಣದಲ್ಲಿ ಕೇಳಿದರೂ ಅಷ್ಟನ್ನು ಪೂರೈಸಲು ಟ್ರಾನ್ಸ್‌ಫಾರ್ಮರ್, ತಂತಿ, ಉಪಕೇಂದ್ರ, ಸಿಬ್ಬಂದಿ ಸಿದ್ಧವಿರಬೇಕು ಎಂದರ್ಥ. ಉತ್ಪಾದನಾ ಕಂಪನಿಗಳೊಂದಿಗಿನ ಒಪ್ಪಂದಗಳಲ್ಲೂ ಹೀಗೆಯೇ: ಉಷ್ಣ ವಿದ್ಯುತ್ ಸ್ಥಾವರದಿಂದ ವಿದ್ಯುತ್ ಪಡೆಯದ ದಿನಗಳಲ್ಲೂ ಆ ಸ್ಥಾವರ ಸಿದ್ಧವಾಗಿದ್ದುದಕ್ಕೆ ಸಾಮರ್ಥ್ಯ ಶುಲ್ಕ ಕೊಡಬೇಕಾಗುತ್ತದೆ. ಕಲ್ಯಾಣ ಛತ್ರದ ಬಾಡಿಗೆಯಂತೆ ಇದು. ಊಟಕ್ಕೆ ಐವತ್ತು ಜನ ಬಂದರೂ ಐನೂರು ಜನ ಬಂದರೂ ಬಾಡಿಗೆ ಅಷ್ಟೇ.

ತರ್ಕವನ್ನು ಒಪ್ಪಬಹುದು, ಆದರೆ ಅದು ಸಾಗುತ್ತಿರುವ ದಿಕ್ಕನ್ನು ಗಮನಿಸಬೇಕು. 50 ಕಿಲೋವ್ಯಾಟ್‌ವರೆಗಿನ ಮನೆಗಳಿಗೆ 2023-24ರಲ್ಲಿ ಕಿಲೋವ್ಯಾಟ್‌ಗೆ 110 ರೂಪಾಯಿ ಇದ್ದ ನಿಗದಿತ ಶುಲ್ಕ 2024-25ರಲ್ಲಿ 120 ಆಯಿತು, 2025-26ರಲ್ಲಿ 145ಕ್ಕೆ ಏರಿತು. 2025ರ ಆದೇಶದಲ್ಲಿ ಯೂನಿಟ್ ದರವನ್ನು 5.90ರಿಂದ 5.80ಕ್ಕೆ ಇಳಿಸಲಾಯಿತು. ಯೂನಿಟ್‌ಗೆ 10 ಪೈಸೆ ಕಡಿತ ಎಂದು ಕೇಳಲು ಹಿತವಾಗಿತ್ತು. ಆದರೆ ಮೇಲಿನ ಮನೆಗೆ ಆ ಕಡಿತದಿಂದ ಉಳಿದದ್ದು ತಿಂಗಳಿಗೆ 18 ರೂಪಾಯಿ, ನಿಗದಿತ ಶುಲ್ಕದ ಏರಿಕೆಯಿಂದ ಹೋದದ್ದು 75 ರೂಪಾಯಿ. ದರದ ಸುದ್ದಿಯಲ್ಲಿ ಯೂನಿಟ್ ದರವನ್ನಷ್ಟೇ ಓದಿ ಸಮಾಧಾನಪಟ್ಟುಕೊಳ್ಳುವವರು ಈ ಎರಡನೆಯ ಸಾಲನ್ನೂ ಓದಬೇಕು.

ಹಾಗಾದರೆ ಮಂಜೂರಾದ ಹೊರೆಯನ್ನೇ ಕಡಿಮೆ ಮಾಡಿಸಬಹುದೇ?

ಮಾಡಿಸಬಹುದು, ಮತ್ತು ಬಿಲ್ ಇಳಿಸುವ ದಾರಿಗಳಲ್ಲಿ ಇದರಷ್ಟು ನಿರ್ಲಕ್ಷ್ಯಕ್ಕೆ ಒಳಗಾದದ್ದು ಇನ್ನೊಂದಿಲ್ಲ. ಮನೆ ಕಟ್ಟುವಾಗ ವಿದ್ಯುತ್ ಗುತ್ತಿಗೆದಾರರು ಇರಲಿ ಎಂದು ಐದು ಕಿಲೋವ್ಯಾಟ್ ಬರೆಸಿರುತ್ತಾರೆ. ಆಮೇಲೆ ಆ ಮನೆಯಲ್ಲಿ ಇಬ್ಬರು ಹಿರಿಯರು ಮಾತ್ರ ಉಳಿದಿರುತ್ತಾರೆ. ಐದರಿಂದ ಮೂರಕ್ಕೆ ಇಳಿಸಿದರೆ ತಿಂಗಳಿಗೆ 290 ರೂಪಾಯಿಯಂತೆ ವರ್ಷಕ್ಕೆ 3,480 ರೂಪಾಯಿ ಉಳಿಯುತ್ತದೆ.

ಅರ್ಜಿ ಹಾಕುವ ಮೊದಲು ಬಿಲ್ಲಿನಲ್ಲಿ ದಾಖಲಾಗಿರುವ ಗರಿಷ್ಠ ಬೇಡಿಕೆಯನ್ನು ಹಲವು ತಿಂಗಳ ಮಟ್ಟಿಗೆ ಗಮನಿಸಿ, ಅದರಲ್ಲೂ ಬೇಸಿಗೆಯ ತಿಂಗಳುಗಳನ್ನು ಬಿಡದೆ ನೋಡಿ. ಗೀಸರ್, ಇಂಡಕ್ಷನ್ ಒಲೆ, ನೀರಿನ ಪಂಪ್ ಮೂರೂ ಬೆಳಗಿನ ಏಳು ಗಂಟೆಗೆ ಒಟ್ಟಿಗೆ ಓಡುವ ಮನೆಯಲ್ಲಿ ಬೇಡಿಕೆ ನಾಲ್ಕು ಕಿಲೋವ್ಯಾಟ್ ದಾಟುವುದು ಸುಲಭ. ಮಂಜೂರಾತಿಗಿಂತ ಹೆಚ್ಚು ಬೇಡಿಕೆ ದಾಖಲಾದರೆ ದಂಡ ಬೀಳಬಹುದು, ಆಗ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ.

ದರವನ್ನು ನಿರ್ಧರಿಸುವವರು ಯಾರು? ಬೆಸ್ಕಾಂ ತನಗೆ ತೋಚಿದಂತೆ ಏರಿಸಬಹುದೇ?

ಏರಿಸುವಂತಿಲ್ಲ. 2002ರಲ್ಲಿ ವಿತರಣೆಯ ಕೆಲಸವನ್ನು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನಿಂದ ಬೇರ್ಪಡಿಸಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳನ್ನು ರಚಿಸಲಾಯಿತು. ಮೈಸೂರಿನ ಸೆಸ್ಕ್ ನಂತರ ಸೇರಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಸಹಕಾರಿ ಸಂಘವೊಂದು ಇಂದಿಗೂ ವಿದ್ಯುತ್ ವಿತರಿಸುತ್ತಿದೆ. ಇವೆಲ್ಲವೂ ತಮ್ಮ ಖರ್ಚು ಮತ್ತು ಬೇಕಾದ ಆದಾಯದ ಲೆಕ್ಕವನ್ನು ಕೆಇಆರ್‌ಸಿ ಮುಂದೆ ಇಡಬೇಕು. ಅರ್ಜಿಯನ್ನು ಪ್ರಕಟಿಸಿ, ಗ್ರಾಹಕರಿಂದ ಆಕ್ಷೇಪಣೆ ಪಡೆದು, ಸಾರ್ವಜನಿಕ ವಿಚಾರಣೆ ನಡೆಸಿದ ಮೇಲೆ ಆಯೋಗ ಆದೇಶ ಹೊರಡಿಸುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಇದಕ್ಕೆ 120 ದಿನಗಳ ಗಡುವು ಕೊಟ್ಟಿದೆ. ಎಸ್ಕಾಂ ಕೇಳಿದ್ದಕ್ಕಿಂತ ಕಡಿಮೆ ಏರಿಕೆಗೆ ಒಪ್ಪಿಗೆ ಸಿಗುವುದೇ ವಾಡಿಕೆ.

ಈ ವಿಚಾರಣೆಗಳಿಗೆ ಕೈಗಾರಿಕಾ ಸಂಘಗಳು ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕರೆದುಕೊಂಡು ಬರುತ್ತವೆ, ರೈತ ಸಂಘಗಳು ಗಟ್ಟಿಯಾಗಿ ಮಾತನಾಡುತ್ತವೆ. ಮನೆಬಳಕೆದಾರರ ಪರವಾಗಿ ಎದ್ದು ನಿಲ್ಲುವವರು ಬೆರಳೆಣಿಕೆಯಷ್ಟು. ಆಕ್ಷೇಪಣೆಯನ್ನು ಲಿಖಿತವಾಗಿ ಕಳುಹಿಸುವ ಅವಕಾಶ ಯಾವ ಗ್ರಾಹಕರಿಗೂ ಇದೆ.

ಮೊಬೈಲ್ ಸಿಮ್‌ನಂತೆ ಬೇರೆ ವಿದ್ಯುತ್ ಕಂಪನಿಗೆ ಬದಲಾಯಿಸಿಕೊಳ್ಳಲು ಬರುತ್ತದೆಯೇ?

ಕರ್ನಾಟಕದ ಮನೆಗಳಿಗೆ ಆ ಆಯ್ಕೆ ಇಲ್ಲ. ನೀವಿರುವ ಪ್ರದೇಶದ ಎಸ್ಕಾಂ ಒಂದೇ ನಿಮ್ಮ ಪೂರೈಕೆದಾರ. ಮುಂಬಯಿಯ ಕೆಲವು ಭಾಗಗಳಲ್ಲಿ ಟಾಟಾ ಪವರ್ ಮತ್ತು ಅದಾನಿ ಎರಡೂ ಪರವಾನಗಿ ಪಡೆದಿರುವುದರಿಂದ ಅಲ್ಲಿನ ಗ್ರಾಹಕರಿಗೆ ಬದಲಾಯಿಸುವ ಅವಕಾಶ ಇದೆ. ಇಂಗ್ಲೆಂಡಿನಲ್ಲಿ, ಅಮೆರಿಕದ ಟೆಕ್ಸಾಸ್‌ನ ಬಹುಭಾಗದಲ್ಲಿ ನೆಲೆಸಿರುವ ಕನ್ನಡಿಗರು ಪೂರೈಕೆದಾರರ ದರಪಟ್ಟಿಗಳನ್ನು ಹೋಲಿಸಿ ಆರಿಸಿಕೊಳ್ಳುತ್ತಾರೆ. ಅಲ್ಲಿಯೂ ತಂತಿಯ ಖರ್ಚು ಮಾತ್ರ ಯಾರನ್ನು ಆರಿಸಿದರೂ ತಪ್ಪುವುದಿಲ್ಲ. ನಮ್ಮಲ್ಲಿ ಮುಕ್ತ ಪ್ರವೇಶದ, ಅಂದರೆ ಬೇರೆಯವರಿಂದ ವಿದ್ಯುತ್ ಕೊಂಡು ಇರುವ ತಂತಿಯಲ್ಲೇ ತರಿಸಿಕೊಳ್ಳುವ, ಸೌಲಭ್ಯ ಇರುವುದು ದೊಡ್ಡ ಬಳಕೆದಾರರಿಗೆ. ಹಸಿರು ವಿದ್ಯುತ್ತಿನ ವಿಷಯದಲ್ಲಿ ಈ ಮಿತಿಯನ್ನು 2022ರಲ್ಲಿ 100 ಕಿಲೋವ್ಯಾಟ್‌ಗೆ ಇಳಿಸಲಾಯಿತು. ಮೂರು ಕಿಲೋವ್ಯಾಟ್‌ನ ಮನೆಗೆ ಅದು ದೂರದ ಮಾತು.

ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏಕೆ ಬದಲಾಗುತ್ತದೆ?

ಎಸ್ಕಾಂಗಳ ವೆಚ್ಚದಲ್ಲಿ ಅತಿ ದೊಡ್ಡ ಪಾಲು ವಿದ್ಯುತ್ ಖರೀದಿಯದು. ಮುಂದಿನ ವರ್ಷ ಯಾವ ಮೂಲದಿಂದ ಎಷ್ಟು, ಯಾವ ಬೆಲೆಗೆ ಎಂದು ಅಂದಾಜು ಮಾಡಿ ದರ ನಿಗದಿಯಾಗುತ್ತದೆ. ಲೆಕ್ಕಾಚಾರ ನಿಂತಿರುವುದೇ ಮಳೆ, ಗಾಳಿ, ಕಲ್ಲಿದ್ದಲುಗಳ ಮೇಲೆ. ಶರಾವತಿಯ ಹಳೆಯ ಜಲವಿದ್ಯುತ್ ಅಗ್ಗ. ಲಿಂಗನಮಕ್ಕಿ ತುಂಬಿದ ವರ್ಷ ಎಸ್ಕಾಂಗಳಿಗೆ ಉಸಿರಾಡಲು ಅವಕಾಶ. ಮುಂಗಾರಿನ ತಿಂಗಳುಗಳಲ್ಲಿ ಚಿತ್ರದುರ್ಗ, ಗದಗದ ಕಡೆಯ ಗಾಳಿಯಂತ್ರಗಳು ಕೈಹಿಡಿಯುತ್ತವೆ, ಹಗಲಿನಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನವಿದೆ. ಸಂಜೆ ಸೂರ್ಯ ಇಳಿದ ಮೇಲಿನ ಬೇಡಿಕೆಗೆ ರಾಯಚೂರು, ಬಳ್ಳಾರಿ, ಯರಮರಸ್‌ಗಳ ಕಲ್ಲಿದ್ದಲು ಸ್ಥಾವರಗಳು ಬೇಕೇ ಬೇಕು, ಅದೂ ಸಾಲದಿದ್ದರೆ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಆ ಹೊತ್ತಿನ ಬೆಲೆಗೆ ಕೊಳ್ಳಬೇಕು.

2023ರಲ್ಲಿ ಮುಂಗಾರು ಕೈಕೊಟ್ಟಾಗ ಇದು ಎಲ್ಲರ ಕಣ್ಣಿಗೂ ಬಿತ್ತು. ಜಲಾಶಯಗಳು ತುಂಬಲಿಲ್ಲ, ಮಳೆಯಿಲ್ಲದ ಹೊಲಗಳಲ್ಲಿ ಪಂಪ್‌ಸೆಟ್‌ಗಳು ಹೆಚ್ಚು ಓಡಿದವು, ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ ರಾಜ್ಯದೊಳಗಿನ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಿತು.

ಅಂದಾಜಿಗೂ ನಿಜವಾದ ಖರೀದಿ ವೆಚ್ಚಕ್ಕೂ ನಡುವಿನ ಈ ವ್ಯತ್ಯಾಸವನ್ನು ಬಿಲ್ಲಿಗೆ ವರ್ಗಾಯಿಸುವುದೇ ಇಂಧನ ಹೊಂದಾಣಿಕೆ. ಮೊದಲು ಮೂರು ತಿಂಗಳಿಗೊಮ್ಮೆ ಇದ್ದದ್ದು ಕೇಂದ್ರದ 2022ರ ನಿಯಮಗಳ ನಂತರ ಪ್ರತಿ ತಿಂಗಳಿನದಾಯಿತು. ವೆಚ್ಚ ಕಡಿಮೆಯಾದ ತಿಂಗಳಿನಲ್ಲಿ ಇದು ಋಣ ಮೊತ್ತವಾಗಿ ಬಂದು ಬಿಲ್ಲನ್ನು ಇಳಿಸುವುದೂ ಉಂಟು. ಶುಲ್ಕ ಬಿಲ್ಲಿಗೆ ಬರುವುದು ಖರೀದಿ ನಡೆದ ತಿಂಗಳುಗಳ ನಂತರವಾದ್ದರಿಂದ, ಬೇಸಿಗೆಯಲ್ಲಿ ಕೊಂಡ ದುಬಾರಿ ವಿದ್ಯುತ್ತಿನ ಬಿಸಿ ಮಳೆಗಾಲದಲ್ಲಿ ತಟ್ಟುತ್ತದೆ.

2023ರ ಜೂನ್‌ನಲ್ಲಿ ಬಿಲ್ ಒಮ್ಮೆಲೇ ಏರಿದ್ದು ಇದರಿಂದಲೇ?

ಇದೂ ಒಂದು ಕಾರಣ. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆಯ ಆದೇಶ ಬಂದದ್ದು ಆ ವರ್ಷದ ಮೇ 12ರಂದು, ಆದರೆ ಅದು ಜಾರಿಗೆ ಬಂದದ್ದು ಏಪ್ರಿಲ್ 1ರಿಂದ ಪೂರ್ವಾನ್ವಯವಾಗಿ. ಏಪ್ರಿಲ್‌ನ ಬಾಕಿ, ಹೊಸ ದರ, ಇಂಧನ ಹೊಂದಾಣಿಕೆ ಮೂರೂ ಜೂನ್‌ನ ಒಂದೇ ಬಿಲ್ಲಿನಲ್ಲಿ ಕೂಡಿಕೊಂಡವು. ವಾಣಿಜ್ಯ ಸಂಸ್ಥೆಗಳು ಬೀದಿಗಿಳಿದವು.

ಸ್ಲ್ಯಾಬ್ ಪದ್ಧತಿ ಹೋದದ್ದರಿಂದ ಯಾರಿಗೆ ಲಾಭ?

ಹೆಚ್ಚು ಬಳಸುವವರಿಗೆ. 2023-24ರಲ್ಲಿ 100 ಯೂನಿಟ್‌ವರೆಗೆ 4.75 ರೂಪಾಯಿ, 100 ದಾಟಿದರೆ ಮೊದಲನೆಯ ಯೂನಿಟ್‌ನಿಂದಲೇ 7 ರೂಪಾಯಿ ಎಂದಿತ್ತು. ನೂರಕ್ಕೆ ನಿಂತ ಮನೆಯ ವಿದ್ಯುತ್ ಶುಲ್ಕ 475 ರೂಪಾಯಿ, ನೂರೊಂದಕ್ಕೆ ಮುಟ್ಟಿದ ಮನೆಯದು 707. ಒಂದು ಯೂನಿಟ್‌ಗೆ, ತೆರಿಗೆ ಬಿಟ್ಟು, 232 ರೂಪಾಯಿ. ಇಂಥ ಪದ್ಧತಿಯನ್ನು ಸಮರ್ಥಿಸುವುದು ಕಷ್ಟ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್‌ಗಳಿಗೂ 5.90 ರೂಪಾಯಿಯ ಏಕರೂಪ ದರ ಬಂದಿತು.

ಮೂರು ಕಿಲೋವ್ಯಾಟ್‌ನ ಮನೆಗೇ ಹೋಲಿಸಿ ನೋಡಿದರೆ, 180 ಯೂನಿಟ್‌ಗೆ 2023-24ರಲ್ಲಿ ಇಂಧನ ಹೊಂದಾಣಿಕೆ ಬಿಟ್ಟು 1,703 ರೂಪಾಯಿ ಆಗುತ್ತಿತ್ತು, 2025-26ರಲ್ಲಿ 1,638. ಅದೇ 90 ಯೂನಿಟ್ ಬಳಸುವ ಮನೆಯ ಲೆಕ್ಕ 796ರಿಂದ 1,036ಕ್ಕೆ ಏರಿದೆ. ಮಿತವಾಗಿ ಬಳಸಿದವರಿಗೆ ದರದಲ್ಲಿ ಸಿಗುತ್ತಿದ್ದ ಮನ್ನಣೆ ಈಗ ಇಲ್ಲ. ಇದು ದೊಡ್ಡ ಗುಲ್ಲಾಗದೇ ಉಳಿದದ್ದು ಅಂಥ ಮನೆಗಳ ಬಿಲ್ಲನ್ನು ಗೃಹಜ್ಯೋತಿಯಡಿ ಸರ್ಕಾರವೇ ಕಟ್ಟುತ್ತಿರುವುದರಿಂದ. ಯೋಜನೆಯ ಹೊರಗಿರುವ ಸಣ್ಣ ಬಳಕೆದಾರರಿಗೆ ಮಾತ್ರ ಏರಿಕೆ ಪೂರ್ತಿ ತಾಗಿದೆ.

ಗೃಹಜ್ಯೋತಿ ಇದ್ದರೂ ನನಗೆ ಬಿಲ್ ಬರುತ್ತಿದೆ. ಏಕೆ?

200 ಯೂನಿಟ್ ಎನ್ನುವುದು ಎಲ್ಲರಿಗೂ ಉಚಿತವಾಗಿ ಸಿಗುವ ಪ್ರಮಾಣವಲ್ಲ, ಮೇಲಿನ ಮಿತಿ ಮಾತ್ರ. 2023ರ ಜುಲೈನ ಬಳಕೆಯಿಂದ ಜಾರಿಯಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರದೇ ಅರ್ಹತಾ ಪ್ರಮಾಣವಿದೆ: 2022-23ರ ತಿಂಗಳ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ. 10. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು ತಿದ್ದುಪಡಿಯಾಯಿತು.

ನಿಮ್ಮ ಸರಾಸರಿ 120 ಇದ್ದರೆ ಅರ್ಹತೆ 132. ಈ ತಿಂಗಳು 150 ಬಳಸಿದರೆ 18 ಯೂನಿಟ್‌ಗಳ ಹಣ ಮಾತ್ರ ನಿಮ್ಮದು, ಅಂದರೆ 104 ರೂಪಾಯಿ 40 ಪೈಸೆ ವಿದ್ಯುತ್ ಶುಲ್ಕ ಮತ್ತು ಅದಕ್ಕೆ ಅಂಟಿದ ಇತರ ಬಾಬ್ತುಗಳು. 201 ಯೂನಿಟ್ ಆಯಿತೆಂದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮ ಮೇಲೆ. ಮೂರು ಕಿಲೋವ್ಯಾಟ್ ಮನೆಗೆ ಸುಮಾರು 1,778 ರೂಪಾಯಿ. ನೂರರ ಗೆರೆಯನ್ನು ಅಳಿಸಿದ ಮೇಲೂ ಇನ್ನೂರರ ಗೆರೆ ಹೀಗೆ ಉಳಿದುಕೊಂಡಿದೆ. ತಿಂಗಳ ಕೊನೆಯ ವಾರದಲ್ಲಿ ಮೀಟರಿನ ಅಂಕಿಯನ್ನು ಮನೆಯವರೆಲ್ಲ ಸರದಿಯಂತೆ ಹೋಗಿ ನೋಡಿಬರುವ ಅಭ್ಯಾಸ ಬೆಳೆದಿರುವುದು ಸುಮ್ಮನೆ ಅಲ್ಲ.

ಬಾಡಿಗೆದಾರರೂ ಅರ್ಹರು, ಆದರೆ ಆಧಾರ್ ಜೋಡಣೆಯಾಗುವುದು ಎಸ್ಕಾಂ ಪ್ರತಿ ಸಂಪರ್ಕಕ್ಕೂ ಕೊಡುವ ಆರ್‌ಆರ್ ಸಂಖ್ಯೆಗೆ. ಮನೆ ಖಾಲಿ ಮಾಡುವಾಗ ಹಳೆಯ ಜೋಡಣೆಯನ್ನು ತೆಗೆಸದಿದ್ದರೆ ಹೊಸ ಮನೆಯಲ್ಲಿ ಸೌಲಭ್ಯ ಸಿಗುವುದಿಲ್ಲ. ಮಾಲೀಕರು ಒಂದೇ ಸಂಪರ್ಕದಿಂದ ಸಬ್‌ಮೀಟರ್ ಹಾಕಿ ಮೂರು ಮನೆಗಳಿಗೆ ಹಂಚಿದ್ದರೆ ಎಲ್ಲರ ಯೂನಿಟ್‌ಗಳೂ ಕೂಡಿ ಇನ್ನೂರನ್ನು ದಾಟಿಬಿಡುತ್ತವೆ, ಯೋಜನೆ ಯಾರಿಗೂ ದಕ್ಕುವುದಿಲ್ಲ. ಮನೆ ನೋಡಲು ಹೋದಾಗ ಪ್ರತ್ಯೇಕ ಆರ್‌ಆರ್ ಸಂಖ್ಯೆ ಇದೆಯೇ ಎಂದು ಕೇಳಿ.

ಪಿಂಚಣಿಯ 36 ಪೈಸೆ ಗ್ರಾಹಕರ ಮೇಲೆ ಏಕೆ?

ಕೆಪಿಟಿಸಿಎಲ್ ಮತ್ತು ಎಸ್ಕಾಂ ನೌಕರರ ಪಿಂಚಣಿ ಹಾಗೂ ಉಪದಾನಕ್ಕೆ ಸರ್ಕಾರ ಕೊಡುತ್ತಿದ್ದ ಪಾಲನ್ನು ವಿದ್ಯುತ್ ದರದ ಮೂಲಕ ವಸೂಲು ಮಾಡಲು ಆಯೋಗ ಒಪ್ಪಿದ್ದರಿಂದ 2025ರ ಏಪ್ರಿಲ್‌ನಲ್ಲಿ ಇದು ಆರಂಭವಾಯಿತು. ನಂತರದ ಎರಡು ವರ್ಷಗಳಿಗೆ 35 ಮತ್ತು 34 ಪೈಸೆ ಎಂದು ನಿಗದಿಯಾಗಿದೆ. ನಿವೃತ್ತರಿಗೆ ಪಿಂಚಣಿ ಸಿಗಲೇಬೇಕು. ಆದರೆ ದಶಕಗಳ ಹಿಂದೆ ಆಗಿನ ವಿದ್ಯುತ್ ಮಂಡಳಿಯನ್ನು ಕಂಪನಿಯಾಗಿಸಿದಾಗಿನ ಹೊಣೆಯನ್ನು ಇಂದಿನ ಯೂನಿಟ್‌ಗೆ ಕಟ್ಟಿರುವುದು ಗ್ರಾಹಕ ಸಂಘಟನೆಗಳಿಗೆ ಒಪ್ಪಿಗೆಯಾಗಿಲ್ಲ, ಅವರ ತಕರಾರಿನಲ್ಲಿ ಹುರುಳಿದೆ.

ವಿದ್ಯುತ್ತಿಗೆ ಜಿಎಸ್‌ಟಿ ಇದೆಯೇ?

ಇಲ್ಲ. ಇರುವುದು ರಾಜ್ಯದ ವಿದ್ಯುತ್ ತೆರಿಗೆ, ವಿದ್ಯುತ್ ಶುಲ್ಕದ ಶೇ. 9.

ವರ್ಷಕ್ಕೊಮ್ಮೆ ಹೆಚ್ಚುವರಿ ಠೇವಣಿ ಕೇಳುತ್ತಾರಲ್ಲ, ಅದು ಖರ್ಚೇ?

ಖರ್ಚಲ್ಲ, ನಿಮ್ಮದೇ ಹಣ. ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸಮನಾದ ಭದ್ರತಾ ಠೇವಣಿ ಎಸ್ಕಾಂ ಬಳಿ ಇರಬೇಕು. ದರ ಅಥವಾ ಬಳಕೆ ಏರಿದಾಗ ಕೊರತೆಯನ್ನು ತುಂಬಲು ನೋಟಿಸ್ ಬರುತ್ತದೆ. ಠೇವಣಿಗೆ ವರ್ಷವರ್ಷ ಬಡ್ಡಿ ಬಿಲ್ಲಿನಲ್ಲೇ ಜಮೆಯಾಗಬೇಕು. ಜಮೆಯಾಗಿದೆಯೇ ಎಂದು ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ.

ಯಾವ ಉಪಕರಣ ಬಿಲ್ ಏರಿಸುತ್ತಿದೆ ಎಂದು ಕಂಡುಹಿಡಿಯುವುದು ಹೇಗೆ?

ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಸೌರ ಹೀಟರ್ ಇದ್ದರೆ ಅಷ್ಟೂ ಉಳಿತಾಯ. 75 ವ್ಯಾಟ್‌ನ ಹಳೆಯ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ಇಪ್ಪತ್ತೆರಡೂವರೆ ಯೂನಿಟ್, ಅದರ ಜಾಗದಲ್ಲಿ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಇದ್ದರೆ ಒಂಬತ್ತು. ದೀಪ ಆರಿಸಿ ಎಂದು ಮಕ್ಕಳನ್ನು ಗದರುವವರು ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬು ಒಂದು ಯೂನಿಟ್ ಮುಗಿಸಲು 111 ಗಂಟೆ ಬೇಕೆಂಬುದನ್ನು ನೆನಪಿಡಬಹುದು; ಗದರಬೇಕಾದದ್ದು ಗೀಸರ್ ಸ್ವಿಚ್ ಮರೆತಾಗ.

ಒಂದು ಯೂನಿಟ್ ಉಳಿಸಿದರೆ ನಿಜವಾಗಿ ಉಳಿಯುವುದು 5.80, ಅದರ ತೆರಿಗೆ, 36 ಪೈಸೆ ಮತ್ತು ಆ ತಿಂಗಳ ಇಂಧನ ಹೊಂದಾಣಿಕೆ, ಒಟ್ಟಿನಲ್ಲಿ ಆರೂ ಮುಕ್ಕಾಲು ರೂಪಾಯಿಯ ಆಸುಪಾಸು. ಹೊಸ ಉಪಕರಣದ ಹಣ ಎಷ್ಟು ವರ್ಷಕ್ಕೆ ಮರಳುತ್ತದೆ ಎಂದು ಲೆಕ್ಕ ಹಾಕುವಾಗ ಈ ಅಂಕಿಯನ್ನು ಬಳಸಬೇಕೇ ಹೊರತು ಒಂಬತ್ತು ರೂಪಾಯಿಯ ಸರಾಸರಿಯನ್ನಲ್ಲ.

ಚಾವಣಿಯ ಮೇಲೆ ಸೌರಫಲಕ ಹಾಕಿಸಿದರೆ ಬಿಲ್ ಸೊನ್ನೆಯಾಗುತ್ತದೆಯೇ?

ವಿದ್ಯುತ್ ಶುಲ್ಕ ಸೊನ್ನೆಗೆ ಹತ್ತಿರವಾಗಬಹುದು, ನಿಗದಿತ ಶುಲ್ಕ ಉಳಿಯುತ್ತದೆ. ಕರ್ನಾಟಕದ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಆರಂಭವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನವಿದೆ. ತಿಂಗಳಿಗೆ 300 ಯೂನಿಟ್ ದಾಟುವ ಮನೆಗೆ ಇದು ಲಾಭದ ಮಾತು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುತ್ತಿರುವ ಮನೆಗೆ ಉಳಿಸಲು ಏನೂ ಇಲ್ಲ.

ಸ್ಮಾರ್ಟ್ ಮೀಟರ್ ಬಂದರೆ ಹೊತ್ತಿಗೊಂದು ದರವೇ?

ಬರುವ ಸಾಧ್ಯತೆ ಇದೆ. ಕೇಂದ್ರದ 2023ರ ನಿಯಮಗಳು ಕೃಷಿ ಬಿಟ್ಟು ಉಳಿದವರಿಗೆ ಹಗಲಿನ ಸೌರ ಅವಧಿಯಲ್ಲಿ ಕನಿಷ್ಠ ಶೇ. 20 ಅಗ್ಗ, ಮನೆಗಳಿಗೆ ಬೇಡಿಕೆ ಏರುವ ಹೊತ್ತಿನಲ್ಲಿ ಕನಿಷ್ಠ ಶೇ. 10 ದುಬಾರಿ ಎಂದು ಹೇಳುತ್ತವೆ. ಅದಕ್ಕೆ ಸ್ಮಾರ್ಟ್ ಮೀಟರ್ ಇರಬೇಕು. ಜಾರಿಯಾದರೆ ಹಗಲಿನಲ್ಲಿ ಮನೆಯಲ್ಲಿದ್ದು ವಾಷಿಂಗ್ ಮೆಷಿನ್, ಪಂಪ್ ಓಡಿಸಬಲ್ಲವರಿಗೆ ಅನುಕೂಲ. ಬೆಳಿಗ್ಗೆ ಹೋಗಿ ಸಂಜೆ ಏಳಕ್ಕೆ ಬಂದು ಅಡುಗೆಗೆ ನಿಲ್ಲುವವರಿಗೆ ಅಲ್ಲ.

ಬಿಲ್ ಮೇಲೆ ಅನುಮಾನ ಬಂದರೆ ಏನು ಮಾಡಬೇಕು?

ಮೊದಲು ಬಿಲ್ಲಿನ ಇಂದಿನ ರೀಡಿಂಗ್ ಮೀಟರಿನದಕ್ಕೆ ಹೊಂದುತ್ತದೆಯೇ ನೋಡಿ, ಎರಡು ರೀಡಿಂಗ್‌ಗಳ ನಡುವಿನ ದಿನಗಳನ್ನು ಎಣಿಸಿ. ಬಾಗಿಲು ಹಾಕಿದ್ದರಿಂದ ಸರಾಸರಿಯ ಮೇಲೆ ಬಿಲ್ ಕೊಟ್ಟಿದ್ದರೆ ಮುಂದಿನ ನಿಜವಾದ ರೀಡಿಂಗ್‌ನಲ್ಲಿ ಅದು ಸರಿಹೊಂದಬೇಕು. ಮೀಟರ್ ವೇಗವಾಗಿ ಓಡುತ್ತಿದೆ ಎನಿಸಿದರೆ ಉಪವಿಭಾಗ ಕಚೇರಿಯಲ್ಲಿ ಪರೀಕ್ಷೆಗೆ ಅರ್ಜಿ ಕೊಡಬಹುದು. ದೂರಿಗೆ 1912 ಸಹಾಯವಾಣಿ ಇದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್.

ವಿವಾದ ಇದೆಯೆಂದು ಪೂರ್ತಿ ಬಿಲ್ಲನ್ನೇ ನಿಲ್ಲಿಸುವುದು ಬೇಡ. ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿತ ಮಾಡಲು ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಬೇಕು. ಕೇಳಿದ ಮೊತ್ತವನ್ನು, ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಆಗುವ ಮೊತ್ತವನ್ನು, ಇವೆರಡರಲ್ಲಿ ಕಡಿಮೆ ಇರುವುದನ್ನು ಪ್ರತಿಭಟನೆಯೊಂದಿಗೆ ಕಟ್ಟಿದರೆ ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ತೆಗೆಯುವಂತಿಲ್ಲ.